ಘಟ್ಟ ಹತ್ತುವಾಗ ಕಾರ್ ಬಿಸಿ ಆದ್ರೆ ಎಲ್ಲಿಂದ ಹುಡುಕ್ಬೇಕು: ಗೇರುಸೊಪ್ಪ ಘಟ್ಟದಲ್ಲಿ ನಮಗಾಗಿದ್ದು

ಕೊನೆಗೆ ಸಿಕ್ಕ ದೋಷ ಏನು ಅಂತ ಮೊದ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಯಾರಾದ್ರೂ ರಸ್ತೆ ಬದೀಲಿ ನಿಂತ್ಕೊಂಡು ಇದನ್ನ ಓದ್ತಾ ಇದ್ರೆ ಅವರಿಗೆ ಕಥೆಗಿಂತ ಉತ್ತರ ಮುಖ್ಯ. ರೇಡಿಯೇಟರ್ ಫ್ಯಾನ್, ಅಂದ್ರೆ ಎಂಜಿನ್ನಿನ ಬಿಸಿ ನೀರನ್ನ ತಣ್ಣಗೆ ಮಾಡೋ ಜಾಲರಿಗೆ ಗಾಳಿ ಎಳೆಯೋ ಫ್ಯಾನ್, ತಿರುಗ್ತಾ ಇರ್ಲಿಲ್ಲ. ಫ್ಯಾನಿಗೆ ಕರೆಂಟ್ ತರೋ ವೈರನ್ನ ಇಲಿ ಕಡಿದಿತ್ತು. ಫ್ಯಾನ್ ಮೋಟರ್ ಚೆನ್ನಾಗಿತ್ತು, ಫ್ಯೂಸ್ ಚೆನ್ನಾಗಿತ್ತು, ರಿಲೇ (ಫ್ಯಾನಿಗೆ ಕರೆಂಟ್ ಬಿಡೋ ಪುಟ್ಟ ಸ್ವಿಚ್ಚು) ಚೆನ್ನಾಗಿತ್ತು, ನಡುವೆ ಒಂದು ಗೇಣು ವೈರ್ ಮಾತ್ರ ಹೋಗಿತ್ತು. ಇದನ್ನ ಕಂಡುಹಿಡಿಯೋಕೆ ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಒಂದು ಗಂಟೆ ತನಕ ಬೇಕಾಯ್ತು, ಕಂಡುಹಿಡಿದಿದ್ದು ನಾನಲ್ಲ, ದಾರೀಲಿ ಸಿಕ್ಕ ಜನ.

ದಸರಾ ರಜೆಗೆ ಬೆಂಗಳೂರಿಂದ ಹೊರಟು ಸಾಗರ, ಇಕ್ಕೇರಿ, ಜೋಗ ನೋಡ್ಕೊಂಡು ಘಟ್ಟ ಇಳಿದು ಹೊನ್ನಾವರದ ಹತ್ರ ಎರಡು ರಾತ್ರಿ ಇದ್ದು ಅದೇ ದಾರೀಲಿ ವಾಪಸ್ ಬರೋದು ಅಂತ ಪ್ಲಾನ್. ಕಾರಲ್ಲಿ ನಾನು, ಹೆಂಡ್ತಿ, ಎಂಟು ವರ್ಷದ ಮಗಳು, ನಮ್ಮಮ್ಮ. ಕಾರು ಹನ್ನೊಂದು ವರ್ಷ ಹಳೇದು, ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮಲೆನಾಡು ಈ ಕಾಲದಲ್ಲಿ ಹೇಗಿರುತ್ತೆ ಅಂದ್ರೆ ಮಳೆ ಬಿಟ್ಟಿರುತ್ತೆ ಆದ್ರೆ ನೀರಿನ್ನೂ ಎಲ್ಲಾ ಕಡೆ ಹರೀತಾ ಇರುತ್ತೆ, ಗದ್ದೇಲಿ ಭತ್ತ ಹೊಡೆ ಒಡೀತಾ ಇರುತ್ತೆ, ಬೆಳಗ್ಗೆ ಮಂಜು ಎದ್ದ ಮೇಲೆ ಬಿಸಿಲು ಬಿದ್ರೆ ಇಡೀ ಗದ್ದೆ ಹಳದಿ ಹಸಿರು ಸೇರಿ ಹೊಳೆಯುತ್ತೆ. ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಚೆನ್ನಾಗೇ ಬೀಳ್ತಿದ್ವು, 253 ಮೀಟರ್ ಆಳಕ್ಕೆ ಬೀಳೋ ನೀರಿನ ಹನಿ ಮೇಲೆದ್ದು ಬಂದು ಕಟಾಂಜನ ಒದ್ದೆ ಮಾಡ್ತಿತ್ತು. ಅಲ್ಲಿ ತನಕ ಕಾರಿಗೆ ಏನೂ ಆಗಿರ್ಲಿಲ್ಲ. ಘಟ್ಟ ಇಳಿಯುವಾಗ್ಲೂ ಏನೂ ಇಲ್ಲ.

ಮೊದಲ ಲಕ್ಷಣ ಎಂಜಿನ್ನಿಂದು ಅಲ್ಲ, ಏಸಿದು

ಇದನ್ನ ಒತ್ತಿ ಹೇಳ್ತೀನಿ. ಹೊನ್ನಾವರದ ಹತ್ರ ತೆಂಗಿನ ತೋಟದ ಮಧ್ಯೆ ಒಂದು ಮನೇಲಿ ಉಳ್ಕೊಂಡಿದ್ವಿ, ಕಾರನ್ನ ಸೌದೆ ಕೊಟ್ಟಿಗೆ ಪಕ್ಕ ನಿಲ್ಲಿಸಿದ್ವಿ. ಮಾರನೇ ದಿನ ಇಡಗುಂಜಿಗೆ ಹೋದಾಗ ದೇವಸ್ಥಾನದ ಹತ್ರ ಪಾರ್ಕಿಂಗಿಗೆ ಕಾಯ್ತಾ ನಿಂತಿದ್ದಾಗ ಏಸಿಯಿಂದ ಬೆಚ್ಚಗಿನ ಗಾಳಿ ಬರೋಕೆ ಶುರುವಾಯ್ತು. ವಾಪಸ್ ಬರ್ತಾ ಹೈವೇಲಿ ಸ್ಪೀಡ್ ಆದ ತಕ್ಷಣ ಮತ್ತೆ ತಣ್ಣಗೆ. ಹೆಂಡ್ತಿ ಕೇಳಿದ್ಲು, ಏನೋ ಸರಿ ಇಲ್ವಲ್ಲ ಅಂತ. ಕರಾವಳಿ ಸೆಕೆ, ಗ್ಯಾಸ್ ಕಮ್ಮಿ ಆಗಿರ್ಬೇಕು, ಊರಿಗೆ ಹೋಗಿ ತುಂಬಿಸೋಣ ಅಂದೆ. ಅದು ತಪ್ಪು. ನಿಂತಾಗ ಏಸಿ ಬೆಚ್ಚಗೆ, ಓಡುವಾಗ ತಣ್ಣಗೆ ಅಂದ್ರೆ ಮೊದ್ಲು ನೋಡ್ಬೇಕಾಗಿರೋದು ಮುಂದಿನ ಫ್ಯಾನು. ಏಸಿಯ ಶಾಖ ಹೊರಗೆ ಬಿಡೋ ಕಂಡೆನ್ಸರ್ ರೇಡಿಯೇಟರಿನ ಮುಂದೇನೇ ಕೂತಿರುತ್ತೆ, ನಮ್ಮಂಥ ಚಿಕ್ಕ ಕಾರುಗಳಲ್ಲಿ ಎರಡಕ್ಕೂ ಒಂದೇ ಫ್ಯಾನ್ ಗಾಳಿ ಎಳೆಯುತ್ತೆ. ಕಾರ್ ಓಡ್ತಾ ಇದ್ರೆ ಎದುರು ಗಾಳಿ ಅದೇ ಕೆಲ್ಸ ಮಾಡುತ್ತೆ, ಹಾಗಾಗಿ ಫ್ಯಾನ್ ಸತ್ತಿರೋದು ಗೊತ್ತೇ ಆಗಲ್ಲ. ಅವತ್ತೇ ಬಾನೆಟ್ ಎತ್ತಿ ಎರಡು ನಿಮಿಷ ನೋಡಿದ್ರೆ ಘಟ್ಟದಲ್ಲಿ ಅಮ್ಮನ್ನ, ಮಗೂನ ಕಟ್ಟೆ ಮೇಲೆ ಕೂರಿಸೋ ಪರಿಸ್ಥಿತಿ ಬರ್ತಾ ಇರ್ಲಿಲ್ಲ.

ವಾಪಸ್ ಹೊರಟ ದಿನ ಹೊನ್ನಾವರದಿಂದ ಗೇರುಸೊಪ್ಪದ ತನಕ ಶರಾವತಿ ಪಕ್ಕದ ದಾರಿ, ಮಟ್ಟಸ, ಅರವತ್ತರ ಸ್ಪೀಡು, ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಕೂದಲೆಳೆ ಮೇಲೆ ಹೋಗ್ಲಿಲ್ಲ. ಘಟ್ಟ ಶುರುವಾಯ್ತು. ಸೆಕೆಂಡ್ ಗೇರು, ಮುಂದೆ ಎರಡು ಟ್ಯಾಂಕರ್, ಓವರ್‌ಟೇಕ್ ಮಾಡೋಕೆ ಜಾಗ ಇಲ್ಲ, ಇಪ್ಪತ್ತರ ಸ್ಪೀಡಲ್ಲಿ ತೆವಳ್ತಾ ಇದ್ವಿ. ಹತ್ತು ನಿಮಿಷಕ್ಕೆ ಮುಳ್ಳು ಮುಕ್ಕಾಲಿಗೆ ಬಂತು, ಇನ್ನೆರಡು ತಿರುವು ಕಳೆಯೋದ್ರೊಳಗೆ ಕೆಂಪಿಗೆ ಮುಟ್ತು, ಕೆಂಪು ದೀಪ ಹತ್ತಿತು, ಅದರ ಜೊತೆಗೇ ಏಸಿ ವೆಂಟಿಂದ ಒಂಥರಾ ಸಿಹಿ ಸಿಹಿ ವಾಸನೆ. ಎಂಜಿನ್ ತಣ್ಣಗಿಡೋ ದ್ರವ ಇರುತ್ತಲ್ಲ, ಕೂಲೆಂಟ್, ಅದರ ವಾಸನೆ ಅದು, ಬೆಲ್ಲದ ಪಾಕ ತಳ ಹಿಡಿದ ಹಾಗೆ ಇರುತ್ತೆ, ಒಂದ್ಸಲ ಮೂಗಿಗೆ ಬಿದ್ರೆ ಮರೆಯಲ್ಲ. ಈಗಿನ ತುಂಬಾ ಕಾರುಗಳಲ್ಲಿ ಮುಳ್ಳೇ ಇರಲ್ಲ, ತಣ್ಣಗಿದ್ದಾಗ ನೀಲಿ ದೀಪ, ಬಿಸಿ ಆದಾಗ ಕೆಂಪು ದೀಪ ಅಷ್ಟೇ. ಅಂಥ ಕಾರಲ್ಲಿ ಕೆಂಪು ಬಂತು ಅಂದ್ರೆ ಆಗ್ಲೇ ತಡ ಆಗಿದೆ ಅಂತ ಅರ್ಥ, ಮುಂದಿನ ತಿರುವಲ್ಲಿ ನಿಲ್ಲಿಸ್ತೀನಿ ಅನ್ನೋದು ಬೇಡ, ಸೇಫಾಗಿ ಪಕ್ಕಕ್ಕೆ ಹಾಕೋಕೆ ಆಗೋ ಮೊದಲನೇ ಜಾಗದಲ್ಲೇ ನಿಲ್ಲಿಸಿ.

ಮುಚ್ಚಳಕ್ಕೆ ಕೈ ಹಾಕ್ಬೇಡಿ

ನಾನು ನಿಲ್ಲಿಸಿ, ಬಾನೆಟ್ ಎತ್ತಿ, ಕೈಗೆ ಟವೆಲ್ ಸುತ್ಕೊಂಡು ರೇಡಿಯೇಟರ್ ಕ್ಯಾಪಿಗೆ ಕೈ ಹಾಕಿದ್ದೆ. ಎದುರಿಂದ ಇಳಿದು ಬರ್ತಿದ್ದ ಒಂದು ಲಾರಿ ಬ್ರೇಕ್ ಹಾಕಿತು, ಡ್ರೈವರ್ ಕಿಟಕಿಯಿಂದಲೇ ಕೂಗಿದ್ರು: "ಏ ಸರ್ರ, ಬ್ಯಾಡ್ರೀ! ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರೀ!" ಗಾಡಿ ಸೈಡಿಗೆ ಹಾಕಿ ಇಳಿದು ಬಂದ್ರು. ಮಾತು ಕೇಳಿದ್ರೆ ಹಾವೇರಿ ಕಡೆಯವರು. ಅವರ ಹಳೇ ಕ್ಲೀನರ್ ಹುಡುಗ ಹೀಗೇ ಬಿಸಿ ಇದ್ದಾಗ ತೆಗೆಯೋಕೆ ಹೋಗಿ ಮುಖ, ಎದೆ ಎಲ್ಲಾ ಸುಟ್ಕೊಂಡು ಎರಡು ತಿಂಗಳು ಮಲಗಿದ್ದನಂತೆ. ಅದನ್ನ ಹೇಳುವಾಗ ಅವರ ದನಿ ಬೇರೆ ಆಯ್ತು, ನಾನು ಕೈ ಹಿಂದಕ್ಕೆ ತಗೊಂಡೆ.

ಯಾಕೆ ಹಾಗಾಗುತ್ತೆ ಅಂದ್ರೆ ರೇಡಿಯೇಟರ್ ಒಂದು ಕುಕ್ಕರ್ ಇದ್ದ ಹಾಗೆ. ಕ್ಯಾಪ್ ಒಳಗೆ ಸ್ಪ್ರಿಂಗ್ ಇರುತ್ತೆ, ಅದು ಸುಮಾರು ಒಂದು ಬಾರ್ ಪ್ರೆಶರ್ ಹಿಡಿದಿಟ್ಕೊಳ್ಳುತ್ತೆ, ಆ ಪ್ರೆಶರಿಂದಾಗಿ ಒಳಗಿನ ನೀರು ನೂರು ಡಿಗ್ರಿಗೆ ಕುದಿಯಲ್ಲ, 120ರ ಹತ್ರ ಹೋದ್ರೂ ನೀರಾಗೇ ಇರುತ್ತೆ. ಕ್ಯಾಪ್ ತೆಗೆದ ಕ್ಷಣ ಪ್ರೆಶರ್ ಬಿತ್ತು, ಒಳಗಿನ ನೀರು ಒಂದೇ ಸಲ ಕುದ್ದು ಆವಿ ಸಮೇತ ಮುಖಕ್ಕೆ ಚಿಮ್ಮುತ್ತೆ. ಟವೆಲ್ ಏನೂ ತಡೆಯಲ್ಲ. ಕುಕ್ಕರ್ ವಿಸಿಲ್ ಇಳಿಯದೆ ಮುಚ್ಚಳ ತೆಗಿಬಾರ್ದು ಅಂತ ಮನೇಲಿ ಎಲ್ಲರಿಗೂ ಗೊತ್ತು, ಇಲ್ಲೂ ಅದೇ. ಕಡಿಮೆ ಅಂದ್ರೂ ಅರ್ಧ ಮುಕ್ಕಾಲು ಗಂಟೆ ಬಿಡ್ಬೇಕು, ಆಮೇಲೆ ಮೇಲಿನ ದಪ್ಪ ಹೋಸ್ ಪೈಪನ್ನ ಬಟ್ಟೆ ಹಿಡಿದು ಒತ್ತಿ ನೋಡ್ಬೇಕು, ಗಟ್ಟಿಯಾಗಿ ಉಬ್ಬಿದ್ರೆ ಇನ್ನೂ ಪ್ರೆಶರ್ ಇದೆ, ಮೆತ್ತಗಿದ್ರೆ ಮಾತ್ರ ಮುಂದೆ. ಕೆಲವು ಕಾರಲ್ಲಿ ರೇಡಿಯೇಟರ್ ಮೇಲೆ ಕ್ಯಾಪೇ ಇರಲ್ಲ, ಪಕ್ಕದ ಪ್ಲಾಸ್ಟಿಕ್ ಟ್ಯಾಂಕ್ ಮೇಲೇ ಪ್ರೆಶರ್ ಕ್ಯಾಪ್ ಇರುತ್ತೆ, ಅದಕ್ಕೂ ಇದೇ ಮಾತು.

ಡ್ರೈವರಣ್ಣ ಅಷ್ಟಕ್ಕೇ ಹೋಗ್ಲಿಲ್ಲ. ರಸ್ತೆ ಬದಿ ಸೊಪ್ಪು ಮುರಿದು ಕಾರಿನ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ತಿರುವಿಗೆ ಮುಂಚೆ ಕಾಣೋ ಹಾಗೆ ಹಾಕಿದ್ರು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ರು, ಅಮ್ಮ ಮತ್ತು ಮಗಳನ್ನ ರಸ್ತೆ ಕಡೆ ಅಲ್ಲದೆ ಒಳಗಡೆ ಕಟ್ಟೆ ಮೇಲೆ ಕೂರಿಸಿದ್ರು. ಘಟ್ಟದಲ್ಲಿ ಕಾರ್ ಕೆಟ್ಟಾಗ ನಿಜವಾದ ಅಪಾಯ ಎಂಜಿನ್ ಬಿಸಿ ಅಲ್ಲ, ತಿರುವಲ್ಲಿ ಬರೋ ಇನ್ನೊಂದು ಗಾಡಿ. ತ್ರಿಕೋನದ ಕೆಂಪು ಬೋರ್ಡು ನಮ್ಮ ಡಿಕ್ಕೀಲೇ ಇತ್ತು, ಬ್ಯಾಗುಗಳ ಅಡಿ. ಅದನ್ನ ಮೇಲಿಡಿ. ಒಂದು ಹತ್ತು ಲೀಟರ್ ಕ್ಯಾನಲ್ಲಿ ನೀರು ಕೊಟ್ಟು, ತಣ್ಣಗಾದ ಮೇಲೆ ಹಾಕ್ರಿ, ಎಂಜಿನ್ ಮ್ಯಾಲೆ ಸುರೀಬ್ಯಾಡ್ರಿ, ಬ್ಲಾಕ್ ಸೀಳ್ತೈತಿ ಅಂತ ಎರಡು ಸಲ ಹೇಳಿ ಕ್ಯಾನ್ ಸಮೇತ ಬಿಟ್ಟು ಹೋದ್ರು. ಕ್ಯಾನಿಗಾದ್ರೂ ದುಡ್ಡು ತಗೊಳ್ಳಿ ಅಂದ್ರೆ ಕೈ ಮುಗಿದ್ರು.

ಕಾಯೋ ಹೊತ್ತಲ್ಲಿ ಸುಮ್ನೆ ಕೂರ್ಬೇಡಿ, ಮುಟ್ಟದೆ ನೋಡೋದು ಬಹಳ ಇದೆ. ಕಾರಿನ ಕೆಳಗೆ ನೀರು ತೊಟ್ಟಿಕ್ತಾ ಇದ್ಯಾ, ಇದ್ರೆ ಎಲ್ಲಿಂದ, ಹೋಸ್ ಪೈಪಿನ ಕ್ಲಿಪ್ ಹತ್ರ ಹಸಿರೋ ಗುಲಾಬಿಯೋ ಕಲೆ ಇದ್ಯಾ. ಏಸಿ ಹಾಕಿದ್ರೆ ಕೆಳಗೆ ಬೀಳೋ ಸಾದಾ ನೀರನ್ನ ನೋಡಿ ಗಾಬರಿ ಆಗ್ಬೇಡಿ, ಅದಕ್ಕೆ ಬಣ್ಣ ಇರಲ್ಲ, ಜಿಡ್ಡಿರಲ್ಲ. ಬೆಲ್ಟ್ ಇದ್ಯಾ ಹರಿದಿದ್ಯಾ. ತುಂಬಾ ಕಾರಲ್ಲಿ ಕೂಲೆಂಟ್ ತಿರುಗಿಸೋ ವಾಟರ್ ಪಂಪ್, ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಎರಡನ್ನೂ ಒಂದೇ ಬೆಲ್ಟ್ ತಿರುಗಿಸುತ್ತೆ, ಹಾಗಾಗಿ ಬಿಸಿ ಆಗೋ ಹೊತ್ತಿಗೇ ಬ್ಯಾಟರಿ ದೀಪಾನೂ ಹತ್ತಿದ್ರೆ ಬೆಲ್ಟೇ ಹೋಗಿದೆ ಅಂತ ಲೆಕ್ಕ, ಅಂಥ ಗಾಡೀನ ಒಂದು ಕಿಲೋಮೀಟರೂ ಓಡಿಸ್ಬೇಡಿ. ರಿಸರ್ವ್ ಟ್ಯಾಂಕಲ್ಲಿ, ಅಂದ್ರೆ ಪಕ್ಕದ ಪ್ಲಾಸ್ಟಿಕ್ ಟ್ಯಾಂಕಲ್ಲಿ, ಕೂಲೆಂಟ್ ಯಾವ ಗೆರೆ ತನಕ ಇದೆ ನೋಡಿ. ನಮ್ಮದು ಉಕ್ಕಿ ಹೊರಗೆ ಬಂದು ಟ್ಯಾಂಕ್ ಸುತ್ತ ಒದ್ದೆ, ಬೇರೆ ಎಲ್ಲೂ ಸೋರಿಕೆ ಇಲ್ಲ. ಸೋರಿಕೆ ಇಲ್ದೆ ಉಕ್ಕಿದೆ ಅಂದ್ರೆ ಶಾಖ ಹೊರಗೆ ಹೋಗ್ತಾ ಇಲ್ಲ ಅಂತ. ಅಷ್ಟು ಸುಳಿವು ಅಲ್ಲೇ ಇತ್ತು, ನನಗೆ ಓದೋಕೆ ಬರ್ಲಿಲ್ಲ.

ಮುಕ್ಕಾಲು ಗಂಟೆ ಆದ ಮೇಲೆ ನೀರು ತುಂಬಿ, ಏಸಿ ಆಫ್ ಮಾಡಿ, ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಬ್ಲೋವರ್ ನಾಲ್ಕರಲ್ಲಿಟ್ಟು, ಎಲ್ಲಾ ಕಿಟಕಿ ತೆಗೆದು ಹೊರಟ್ವಿ. ಇದೂ ಲಾರಿಯವರೇ ಹೇಳಿಕೊಟ್ಟಿದ್ದು. ಹೀಟರ್ ಅಂದ್ರೆ ಡ್ಯಾಶ್‌ಬೋರ್ಡ್ ಒಳಗಿರೋ ಪುಟ್ಟ ರೇಡಿಯೇಟರ್, ಎಂಜಿನ್ ಶಾಖವನ್ನ ಕಾರೊಳಗೆ ತಂದು ಸುರಿಯುತ್ತೆ, ನಮಗೆ ಬೆವರು ಸುರಿದ್ರೂ ಎಂಜಿನ್ ಉಳಿಯುತ್ತೆ. ಹೀಟರಿಂದ ಬಿಸಿ ಗಾಳಿ ಬರ್ತಾ ಇದ್ದಿದ್ದೂ ಒಂದು ಪರೀಕ್ಷೆನೇ: ಎಂಜಿನ್ ಕುದೀತಾ ಇದ್ದು ಹೀಟರ್ ಗಾಳಿ ತಣ್ಣಗಿದ್ರೆ ಒಳಗೆ ಕೂಲೆಂಟೇ ಇಲ್ಲ ಅಥವಾ ಪೈಪಲ್ಲಿ ಗಾಳಿ ಸಿಕ್ಕಿ ಏರ್ ಲಾಕ್ ಆಗಿದೆ ಅಥವಾ ಪಂಪ್ ತಿರುಗ್ತಿಲ್ಲ. ನಮ್ಮದು ಬಿಸಿ ಬರ್ತಿತ್ತು, ಅಂದ್ರೆ ಪಂಪ್ ಸರಿ ಇದೆ, ನೀರು ತಿರುಗ್ತಿದೆ. ಮುಳ್ಳು ಮುಕ್ಕಾಲು ಮುಟ್ಟಿದ ಕೂಡ್ಲೇ ನಿಲ್ಲಿಸೋದು, ಕಾಯೋದು, ಮತ್ತೆ ಹೊರಡೋದು, ಹೀಗೆ ಮೂರು ಸಲ ಮಾಡಿ ಮಾವಿನಗುಂಡಿ ದಾಟಿದ್ವಿ.

ಗದ್ದೆ ಬದಿಯಲ್ಲಿ ಕೇಳಿದ ಒಂದು ಪ್ರಶ್ನೆ

ಅವತ್ತು ಭೂಮಿ ಹುಣ್ಣಿಮೆ, ನಮಗೆ ನೆನಪೇ ಇರ್ಲಿಲ್ಲ. ಶೀಗಿ ಹುಣ್ಣಿಮೆ ಅಂತಲೂ ಅಂತಾರೆ. ಭತ್ತ ಹೊಡೆ ತುಂಬಿ ನಿಂತಿರೋ ಭೂಮಿತಾಯೀನ ಬಸುರಿ ಹೆಂಗಸು ಅಂತ ಭಾವಿಸಿ ಬಯಕೆ ಊಟ ಬಡಿಸೋ ಹಬ್ಬ ಇದು. ಮೇಲೆ ಮಟ್ಟಸ ದಾರಿ ಬಂತಲ್ಲ, ಇನ್ನು ಪರ್ವಾಗಿಲ್ಲ ಅಂದ್ಕೊಂಡ್ರೆ ಒಂದು ಸೇತುವೆ ಕೆಲಸದ ಹತ್ರ ಹತ್ತು ನಿಮಿಷ ನಿಲ್ಲಿಸಿದ್ರು, ನಿಂತಲ್ಲೇ ಮುಳ್ಳು ಮತ್ತೆ ಕೆಂಪಿಗೆ. ಪಕ್ಕಕ್ಕೆ ಹಾಕಿದ್ದು ಒಂದು ಗದ್ದೆ ಏರಿ ಹತ್ರ. ಗದ್ದೆ ನಡುವೆ ಒಂದು ಮನೆಯವರೆಲ್ಲಾ ಸೇರಿದ್ರು. ಒಂದು ಭತ್ತದ ಬುಡಕ್ಕೆ ಹೂವು, ಅರಿಶಿನ ಕುಂಕುಮ ಏರಿಸಿ ತಾಳಿ ಸರ ಇಟ್ಟಿದ್ರು. ಪಕ್ಕದಲ್ಲಿ ಬೂಮಣ್ಣಿ ಬುಟ್ಟಿ. ಬಿದಿರು ಬುಟ್ಟಿಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೇಲಿ ಚಿತ್ತಾರ ಬರೆದಿದ್ರು, ಗೆರೆ ಎಷ್ಟು ಸಣ್ಣ ಅಂದ್ರೆ ನಾರಿನ ಎಳೆ ಅದ್ದಿ ಎಳೆದ ಹಾಗೆ, ಭತ್ತದ ಸಸಿ, ಏಣಿ, ಪಲ್ಲಕ್ಕಿ, ಒಂದರ ಪಕ್ಕ ಒಂದು. ಮಗಳು ಬುಟ್ಟಿ ಬಿಟ್ಟು ಏಳ್ಲೇ ಇಲ್ಲ.

ನಾನು ನೀರು ಕೇಳೋಕೆ ಹೋದೆ. ಮನೆ ಅಜ್ಜಿ ನನ್ನ ನೋಡಿ, ಕಾರಲ್ಲಿ ಕೂತಿದ್ದ ಅಮ್ಮನ ನೋಡಿ, "ಹಬ್ಬದ ದಿನ ಗದ್ದಿ ಹತ್ರ ಬಂದವ್ರು ಉಣ್ದೆ ಹೋಗಕ್ಕಿಲ್ಲ, ಎಲ್ಲಾರ್ನೂ ಕರ್ಕಂಡ್ ಬನ್ನಿ, ಗಾಡಿ ಹುಡುಗ್ರು ನೋಡ್ತಾರೆ" ಅಂದ್ರು. ಕೊಟ್ಟೆ ಕಡುಬು, ಸೊಪ್ಪಿನ ಪಲ್ಯ, ಮೊಸರನ್ನ, ಬಾಳೆ ಎಲೇಲಿ, ಏರಿ ಮೇಲೆ ಕೂತು. ಊಟಕ್ಕೆ ಮುಂಚೆ ಕಾಗೆಗೊಂದು ಎಡೆ, ಇಲಿಗೊಂದು ಎಡೆ ಅಂತ ತೆಗೆದಿಟ್ಟಿದ್ರು. ಒಂದು ಕಡುಬನ್ನ ಗದ್ದೇಲೇ ಹೂತಿದ್ರು, ಕೊಯ್ಲಿನ ಹೊತ್ತಿಗೆ ತೆಗೀತಾರಂತೆ.

ಅವರ ಮೊಮ್ಮಗ ಪಂಪ್‌ಸೆಟ್ ರಿಪೇರಿ, ಮನೆ ವೈರಿಂಗ್ ಮಾಡೋ ಹುಡುಗ. ಕೈ ತೊಳ್ಕೊಂಡು ಬಂದು ಬಾನೆಟ್ ಎತ್ತಲೂ ಇಲ್ಲ, ಮೊದ್ಲು ಒಂದೇ ಒಂದು ಪ್ರಶ್ನೆ ಕೇಳಿದ: "ಅಣ್ಣಾ, ಗಾಡಿ ನಿಂತಾಗ ಬಿಸಿ ಆಗ್ತದಾ, ಓಡುವಾಗ ಬಿಸಿ ಆಗ್ತದಾ?"

ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಕೊಳ್ಳೋದಾದ್ರೆ ಆ ಪ್ರಶ್ನೆ ಇಟ್ಕೊಳ್ಳಿ. ನಿಂತಾಗ, ನಿಧಾನ ಹೋಗುವಾಗ ಬಿಸಿ ಆಗಿ, ಅರವತ್ತರಲ್ಲಿ ಹೋದ್ರೆ ಇಳಿಯುತ್ತೆ ಅಂದ್ರೆ ಗಾಳಿ ಸಮಸ್ಯೆ: ಫ್ಯಾನ್, ಅದರ ಫ್ಯೂಸು, ರಿಲೇ, ವೈರು, ಸೆನ್ಸರು. ಸ್ಪೀಡಲ್ಲಿ ಹೋದ್ರೂ ಬಿಸಿ ಆಗ್ತಾನೇ ಇದ್ರೆ ನೀರಿನ ಸಮಸ್ಯೆ: ಕೂಲೆಂಟ್ ಕಮ್ಮಿ, ಬಿಸಿ ಆದಾಗ ರೇಡಿಯೇಟರಿಗೆ ನೀರು ಬಿಡೋ ಥರ್ಮೋಸ್ಟಾಟ್ ಮುಚ್ಕೊಂಡೇ ಇದೆ, ಪಂಪ್ ಹೋಗಿದೆ, ರೇಡಿಯೇಟರ್ ಒಳಗೆ ಕಟ್ಕೊಂಡಿದೆ. ಎರಡು ದಿನದಿಂದ ನಮ್ಮ ಕಾರ್ ಇದಕ್ಕೆ ಉತ್ತರ ಕೊಡ್ತಾನೇ ಇತ್ತು, ಮೊದಲು ಏಸಿಯಿಂದ, ಆಮೇಲೆ ಮುಳ್ಳಿಂದ. ನಿಂತಾಗ ಬಿಸಿ ಅಂದೆ. ಹಾಗಾದ್ರೆ ಫ್ಯಾನೇ ಅಂದ.

ಟೆಸ್ಟ್ ಬಲ್ಬಲ್ಲಿ ಹುಡುಕಿದ್ದು ಹೇಗೆ

ಎಂಜಿನ್ ಸ್ಟಾರ್ಟ್ ಮಾಡಿಸಿ ಏಸಿ ಹಾಕಿಸಿದ. ಏಸಿ ಹಾಕಿದ್ರೆ ಹೆಚ್ಚಿನ ಕಾರಲ್ಲಿ ಎಂಜಿನ್ ತಣ್ಣಗಿದ್ರೂ ಫ್ಯಾನ್ ತಿರುಗ್ಲೇಬೇಕು, ಹಾಗಾಗಿ ಬಿಸಿ ಆಗೋ ತನಕ ಕಾಯದೇ ಪರೀಕ್ಷೆ ಮಾಡೋಕೆ ಇದು ಸುಲಭ ದಾರಿ. ತಿರುಗ್ಲಿಲ್ಲ. ಎಂಜಿನ್ ಆಫ್ ಮಾಡಿ, ಬ್ಯಾಟರಿ ಮೈನಸ್ ತೆಗೆದು ಒಂದು ಕಡ್ಡಿಯಿಂದ ಫ್ಯಾನಿನ ಎಲೆ ತಳ್ಳಿ ನೋಡಿದ, ಸಲೀಸಾಗಿ ತಿರುಗ್ತು, ಅಂದ್ರೆ ಮೋಟರ್ ಜಾಮ್ ಆಗಿಲ್ಲ. ಕೈ ಹಾಕ್ಬೇಡಿ ಇಲ್ಲಿ, ಬಿಸಿ ಎಂಜಿನ್ನಲ್ಲಿ ಚಾವಿ ತೆಗೆದಿದ್ರೂ ಕೆಲವು ಕಾರಲ್ಲಿ ಫ್ಯಾನ್ ಇದ್ದಕ್ಕಿದ್ದ ಹಾಗೆ ತಿರುಗುತ್ತೆ, ಬೆರಳು ಹೋಗುತ್ತೆ.

ಆಮೇಲೆ ಫ್ಯೂಸ್. ಬಾನೆಟ್ ಒಳಗಿನ ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗಡೆ ಯಾವ ಫ್ಯೂಸ್ ಯಾವುದಕ್ಕೆ ಅಂತ ಚಿತ್ರ ಇರುತ್ತೆ. ಫ್ಯಾನ್ ಫ್ಯೂಸ್ ನೆಟ್ಟಗಿತ್ತು. ಫ್ಯೂಸ್ ಹೋಗಿಲ್ಲ ಅಂದ್ರೆ ವೈರ್ ಕಾರಿನ ಲೋಹದ ಬಾಡಿಗೆ ತಾಗಿ ಶಾರ್ಟ್ ಆಗಿಲ್ಲ, ಎಲ್ಲೋ ತುಂಡಾಗಿರ್ಬಹುದು ಅಂತ ಅವನೇ ಹೇಳಿದ. ಉಲ್ಟಾ, ಹೊಸ ಫ್ಯೂಸ್ ಹಾಕಿದ ಕೂಡ್ಲೇ ಮತ್ತೆ ಹೋದ್ರೆ ಶಾರ್ಟ್ ಇದೆ ಅಥವಾ ಮೋಟರ್ ಸುಟ್ಟಿದೆ. ಅಲ್ಲಿ ದಪ್ಪ ಫ್ಯೂಸೋ ತಂತಿಯೋ ಹಾಕಿ ಓಡಿಸೋಕೆ ಹೋಗ್ಬೇಡಿ, ಬೆಂಕಿ ಹತ್ತುತ್ತೆ. ರಿಲೇ ಪರೀಕ್ಷೆಗೆ ಹಾರ್ನಿನ ರಿಲೇ ಕಿತ್ತು ಫ್ಯಾನ್ ಜಾಗಕ್ಕೆ ಹಾಕಿದ, ಎರಡರ ಮೇಲೂ ಒಂದೇ ನಂಬರ್ ಇದ್ರೆ ಮಾತ್ರ ಹೀಗೆ ಮಾಡ್ಬಹುದು. ಬ್ಯಾಟರಿ ಮೈನಸ್ ಮತ್ತೆ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಏಸಿ ಹಾಕಿದಾಗ ರಿಲೇ ಟಿಕ್ ಅಂತು. ಫ್ಯಾನ್ ಸುಮ್ನೆ.

ಅವನ ಚೀಲದಲ್ಲಿ ಬೈಕ್ ಇಂಡಿಕೇಟರಿನ 12 ವೋಲ್ಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿದ್ದೊಂದಿತ್ತು, ಹೋಲ್ಡರಿಗೆ ಸೈಕಲ್ ಟ್ಯೂಬ್ ತುಂಡು ಸುತ್ತಿದ್ದ. ಮೊದ್ಲು ಬ್ಯಾಟರಿ ಮೇಲೇ ಹಿಡಿದು ಬಲ್ಬ್ ಉರಿಯುತ್ತೆ ಅಂತ ಖಾತ್ರಿ ಮಾಡ್ಕೊಂಡ, ಈ ಹೆಜ್ಜೆ ಬಿಟ್ರೆ ಸತ್ತ ಬಲ್ಬ್ ಹಿಡ್ಕೊಂಡು ಗಂಟೆಗಟ್ಲೆ ಹುಡುಕ್ತೀರಿ. ಆಮೇಲೆ ಫ್ಯಾನಿನ ಕನೆಕ್ಟರ್ ಬಿಚ್ಚಿ, ಬಲ್ಬಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಕನೆಕ್ಟರಿನ ಒಂದೊಂದೇ ಪಿನ್ನಿಗೆ. ಏಸಿ ಆನಿತ್ತು, ರಿಲೇ ಟಿಕ್ ಅಂದಿತ್ತು, ಆದ್ರೂ ಬಲ್ಬ್ ಉರಿಯಲಿಲ್ಲ. ಅಂದ್ರೆ ಕರೆಂಟ್ ರಿಲೇ ತನಕ ಬಂದು ಫ್ಯಾನ್ ತನಕ ಬರ್ತಿಲ್ಲ. ಕೊನೆಗೆ ಎಂಜಿನ್ ಆಫ್ ಮಾಡಿ ಬ್ಯಾಟರಿಯಿಂದ ಫ್ಯಾನಿಗೆ ಎರಡು ದಪ್ಪ ವೈರ್ ನೇರ ಕೊಟ್ಟ, ಸರ್ರ್ ಅಂತ ತಿರುಗಿತು. ಮೋಟರ್ ಸರಿ. ಉಳಿದಿದ್ದು ನಡುವಿನ ವೈರ್ ಒಂದೇ.

ಬ್ಯಾಟರಿ ಟ್ರೇ ಬಿಚ್ಚಿದ್ವಿ. ಅಡಿಯಲ್ಲಿ ತೆಂಗಿನ ನಾರು, ಒಣ ಹುಲ್ಲು, ಬಟ್ಟೆ ಚೂರು ಸೇರಿಸಿ ಒಂದು ಗೂಡು, ಮೂಗಿಗೆ ಹೊಡೆಯೋ ಇಲಿ ಮೂತ್ರದ ವಾಸನೆ. ವೈರಿನ ಮೇಲಿನ ಕಪ್ಪು ಟೇಪ್ ಉದ್ದಕ್ಕೆ ಸುಲಿದಿತ್ತು, ಒಳಗಿನ ವೈರಿನ ಪ್ಲಾಸ್ಟಿಕ್ ಮೇಲೆ ಜೋಡಿ ಜೋಡಿ ಹಲ್ಲಿನ ಗುರುತು, ಕೊನೇಲಿ ತಾಮ್ರದ ಎಳೆಗಳು ಕತ್ತರಿಸಿ ಕೆಂಪಗೆ ಮಿಂಚ್ತಿದ್ವು. ಹಳೇ ಕಡಿತ ಆಗಿದ್ರೆ ತಾಮ್ರ ಕಪ್ಪೋ ಹಸಿರೋ ಆಗಿರ್ತಿತ್ತು, ಇದು ಎರಡು ಮೂರು ದಿನದ್ದು ಅಂದ. ತೆಂಗಿನ ತೋಟದ ಕೊಟ್ಟಿಗೆ ಪಕ್ಕ ನಿಲ್ಲಿಸಿದ ಮೊದಲನೇ ರಾತ್ರೀನೇ ಆಗಿರ್ಬೇಕು.

ಮನೆ ವೈರಿಂಗಿನ 2.5 ಸ್ಕ್ವೇರ್ ಎಂಎಂ ವೈರ್ ತುಂಡು ಕೊಟ್ಟು ಎರಡೂ ಕಡೆ ಬಿಗಿಯಾಗಿ ಹೆಣೆದು ಟೇಪ್ ಸುತ್ತಿದ, ಬಿಸಿ ಪೈಪಿಗೆ ತಾಗದ ಹಾಗೆ ಪಕ್ಕಕ್ಕೆ ಕಟ್ಟಿದ. ಮೊಬೈಲ್ ಚಾರ್ಜರ್ ವೈರಿನಂಥ ಸಣ್ಣದು ನಡೆಯಲ್ಲ, ಫ್ಯಾನ್ ಹತ್ತರಿಂದ ಇಪ್ಪತ್ತು ಆಂಪಿಯರ್ ಎಳೆಯುತ್ತೆ, ಸಣ್ಣ ವೈರ್ ಕರಗಿಬಿಡುತ್ತೆ. ಹಳೇ ಫ್ಯೂಸಿನ ದಾರೀಲೇ ಕರೆಂಟ್ ಬರೋ ಹಾಗೆ ಜೋಡಿಸಿದ್ರಿಂದ ಫ್ಯೂಸಿನ ರಕ್ಷಣೆಯೂ ಉಳೀತು. ವೈರ್ ಎಲ್ಲಿ ಹೋಗಿದೆ ಅಂತ ಸಿಗ್ದೇ ಇದ್ರೆ ಬ್ಯಾಟರಿಯಿಂದ ಫ್ಯೂಸ್ ಸಮೇತ ನೇರ ಕನೆಕ್ಷನ್ ಕೊಟ್ಟು ಊರು ಸೇರ್ಬಹುದು, ಆದ್ರೆ ಕಾರ್ ನಿಲ್ಲಿಸಿದಾಗ ಬಿಚ್ಚೋಕೆ ಮರೆತ್ರೆ ಬೆಳಗ್ಗೆ ಬ್ಯಾಟರಿ ಖಾಲಿ.

ಎಂಜಿನ್ ಪೂರ್ತಿ ತಣ್ಣಗಾಗಿತ್ತು. ಕ್ಯಾಪನ್ನ ಬಟ್ಟೆ ಹಾಕಿ ಮೊದಲನೇ ಹಂತಕ್ಕೆ ತಿರುಗಿಸಿ, ಉಸಿರು ಬಿಟ್ಟ ಮೇಲೆ ತೆಗೆದು, ಬಾವಿ ನೀರು ಹಾಕಿದ್ರೆ ಒಂದೂವರೆ ಲೀಟರ್ ಕುಡೀತು. ಹೀಟರ್ ಆನಿಟ್ಟು ಎಂಜಿನ್ ಓಡಿಸಿ ಗುಳ್ಳೆ ಬರೋದು ನಿಲ್ಲೋ ತನಕ ತುಂಬಿ ಕ್ಯಾಪ್ ಹಾಕಿದ್ವಿ. ಹದಿನೈದು ನಿಮಿಷ ನಿಂತಲ್ಲೇ ಓಡಿಸಿ ನೋಡಿದ್ವಿ, ಫ್ಯಾನ್ ತಾನೇ ಶುರುವಾಗೋದು, ತಾನೇ ನಿಲ್ಲೋದು, ಮುಳ್ಳು ಅರ್ಧದಲ್ಲಿ ಗಟ್ಟಿ. ಅಷ್ಟು ಹೊತ್ತಿಗೆ ಅಮ್ಮ ಮತ್ತೆ ಅಜ್ಜಿ ಯಾವ ಕಾಲದ ಗೆಳತಿಯರೋ ಅನ್ನೋ ಹಾಗೆ ಮಾತಾಡ್ತಿದ್ರು. ರಿಪೇರಿ ಆಗ್ದಿದ್ರೆ ಹೆಂಗಸ್ರು ಮಕ್ಕಳು ತಾಳಗುಪ್ಪದಿಂದ ರಾತ್ರಿ ರೈಲಿಗೆ ಹೋಗ್ಲಿ, ಇವ್ರೊಬ್ರು ನಮ್ಮನೇಲಿ ಉಳೀಲಿ ಅಂತ ಅಜ್ಜಿ ಆಗ್ಲೇ ತೀರ್ಮಾನ ಮಾಡಿಟ್ಟಿದ್ರು. ಹುಡುಗ ದುಡ್ಡು ಮುಟ್ಟಲಿಲ್ಲ. ನಮ್ಮ ಹತ್ರ ಕೊಡೋಕೆ ಇದ್ದಿದ್ದು ಇಡಗುಂಜಿ ಪಂಚಕಜ್ಜಾಯ, ಅಮ್ಮ ಅದನ್ನ ಪೂರ್ತಿ ಅಜ್ಜಿ ಕೈಲಿಟ್ರು, ಅಜ್ಜಿ ಅಮ್ಮನಿಗೆ ಕುಂಕುಮ ಕೊಟ್ಟು ನಾಲ್ಕು ಕೊಟ್ಟೆ ಕಡುಬು ಕಟ್ಟಿಕೊಟ್ರು.

ಫ್ಯಾನ್ ಅಲ್ಲದಿದ್ರೆ

ಸ್ಪೀಡಲ್ಲೂ ಬಿಸಿ ಆಗೋ ಕಾರಿನ ವಿಚಾರ ಸಾಗರದ ಗ್ಯಾರೇಜಲ್ಲಿ ಕೇಳಿ ತಿಳ್ಕೊಂಡಿದ್ದು. ಆ ಹುಡುಗನೇ ಫೋನ್ ಮಾಡಿ ಹೇಳಿದ್ದಕ್ಕೆ ಮೆಕ್ಯಾನಿಕ್ ಹಬ್ಬದ ದಿನ ಬಾಗಿಲು ತೆಗೆದು, ವೈರ್ ಬೆಸುಗೆ ಹಾಕಿ, ಬಾವಿ ನೀರು ಖಾಲಿ ಮಾಡಿ ಹೊಸ ಕೂಲೆಂಟ್ ತುಂಬಿಕೊಟ್ರು. ಮೇಲಿನ ಹೋಸ್ ಸುಡ್ತಾ ಇದ್ದು ಕೆಳಗಿನ ಹೋಸ್ ತಣ್ಣಗಿದ್ರೆ ಥರ್ಮೋಸ್ಟಾಟ್ ತೆಗೀತಿಲ್ಲ ಅಂತ ಅನುಮಾನ ಪಡಿ, ಅದು ಸಾಮಾನ್ಯವಾಗಿ 80ರಿಂದ 90 ಡಿಗ್ರಿ ನಡುವೆ ತೆರ್ಕೊಳ್ಬೇಕು. ರೇಡಿಯೇಟರ್ ಮುಂದೆ ಕೆಸರು, ಹುಲ್ಲಿನ ಬೀಜ, ಸತ್ತ ಹುಳ ಕಟ್ಕೊಂಡಿದ್ಯಾ ನೋಡಿ, ಮಳೆಗಾಲ ಕಳೆದ ಮೇಲೆ ಇದು ತುಂಬಾ ಸಾಮಾನ್ಯ, ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೀಬೇಕು, ಜೋರು ಪ್ರೆಶರ್ ಬಿಟ್ರೆ ರೇಡಿಯೇಟರಿನ ತೆಳು ತಗಡಿನ ರೆಕ್ಕೆ ಮಡಚಿಹೋಗುತ್ತೆ. ಸೈಲೆನ್ಸರಿಂದ ಬಿಳಿ ಹೊಗೆ ನಿಲ್ಲದೆ ಬರೋದು, ಆಯಿಲ್ ಮುಚ್ಚಳದ ಅಡಿ ಹಾಲು ಹಾಕಿದ ಕಾಫಿ ಬಣ್ಣ, ರಿಸರ್ವ್ ಟ್ಯಾಂಕಲ್ಲಿ ನಿಲ್ಲದ ಗುಳ್ಳೆ, ಇವು ಹೆಡ್ ಗ್ಯಾಸ್ಕೆಟ್, ಅಂದ್ರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು, ಹೋಗಿರೋ ಗುರುತು. ಅಲ್ಲಿಗೆ ಸ್ಟಾರ್ಟ್ ಮಾಡೋದು ಬಿಟ್ಟು ಟೋ ಮಾಡಿಸಿ. ರಸ್ತೇಲಿ ಹಾಕಿದ ನೀರನ್ನ ಹಾಗೇ ತಿಂಗಳುಗಟ್ಲೆ ಬಿಡ್ಬೇಡಿ, ಬೋರ್ ನೀರಾದ್ರಂತೂ ಒಳಗೆ ಸುಣ್ಣ ಕಟ್ಟುತ್ತೆ. ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಹಾಕಿಸಿ, ಬಣ್ಣ ನೋಡಿ ಬೆರೆಸ್ಬೇಡಿ, ಡಬ್ಬಿ ಮೇಲಿನ ವಿಧ ನೋಡಿ.

ಇಲಿ ವಿಷಯಕ್ಕೆ ಮೆಕ್ಯಾನಿಕ್ ಹೇಳಿದ್ದು ಇಷ್ಟೇ: ಹುಲ್ಲು, ಸೌದೆ, ಕೋಳಿಗೂಡಿನ ಪಕ್ಕ ನಿಲ್ಲಿಸ್ಬೇಡಿ, ಕಾರಲ್ಲಿ ತಿಂಡಿ ಬಿಡ್ಬೇಡಿ, ಹಳ್ಳಿ ಕಡೆ ರಾತ್ರಿ ಉಳಿದ್ರೆ ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಬಾನೆಟ್ ಎತ್ತಿ ಹುಲ್ಲು, ಹಿಕ್ಕೆ, ಸುಲಿದ ವೈರ್ ಇದ್ಯಾ ನೋಡಿ, ಏಸಿ ಹಾಕಿ ಫ್ಯಾನ್ ತಿರುಗೋದನ್ನ ಕಣ್ಣಾರೆ ಕಂಡು ಹೊರಡಿ. ಸಂಜೆ ಐದಕ್ಕೆ ಸಾಗರ ಬಿಟ್ವಿ. ಶಿವಮೊಗ್ಗ ದಾಟೋ ಹೊತ್ತಿಗೆ ಹುಣ್ಣಿಮೆ ಚಂದ್ರ ಮೇಲೆ ಬಂದಿದ್ದ, ಊರೊಳಗಿನ ಟ್ರಾಫಿಕ್ಕಲ್ಲಿ ಇಪ್ಪತ್ತು ನಿಮಿಷ ನಿಂತ್ವಿ, ಏಸಿ ತಣ್ಣಗೇ ಇತ್ತು, ಹಿಂದಿನ ಸೀಟಲ್ಲಿ ಮಗಳು ಬಾಡಿದ ಎಲೆ ಬಿಡಿಸಿ ಕಡುಬು ತಿಂತಿದ್ಲು.